ನನ್ನ ನೀಹಾರಿಕೆ ಸುಳ್ಳಲ್ಲ

ಮಂಗಲ್ಪಾಡಿಯಲ್ಲಿ ನಮ್ಮ ಮನೆತನ ನೆಲೆ ನಿಂತು ಐದು ತಲೆಮಾರಾಯಿತು. ಮುತ್ತಜ್ಜ ಇಗರ್ಜಿಯ ಗುರ್ಕಾರರಾಗಿದ್ದರು, ಎಂದರೆ ಕ್ರೈಸ್ತ ಮನೆಗಳ ಮುಖಂಡರು. ಊರಿನ ಜಗಳಗಳು ಅವರ ಜಗಲಿಗೆ ಬಂದು ಮುಗಿಯುತ್ತಿದ್ದವು. ಅಜ್ಜ ಸಾಕ್ಷಿ ಹೇಳಿದರೆ ಎದುರು ಪಕ್ಷದವರೂ ತಲೆ ಬಗ್ಗಿಸಿ ಒಪ್ಪುತ್ತಿದ್ದರು. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸುಳ್ಳು ಹೇಳಿದವರು ಊಟದ ಗಂಟೆಯವರೆಗೆ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಆ ಗೋಡೆಯ ಬಣ್ಣ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇಂಥವಳನ್ನು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ತುಂಬಿದ ಸಭೆಯಲ್ಲಿ ಸುಳ್ಳುಗಾತಿ ಎಂದರು. ಕಾರಣ ಇಷ್ಟೆ: ಈವರೆಗೆ ಯಾರ ಪಟ್ಟಿಯಲ್ಲೂ ಇಲ್ಲದ ಒಂದು ನೀಹಾರಿಕೆಯನ್ನು ನಮ್ಮ ತಾರಸಿಯಿಂದ ಫೋಟೊ ತೆಗೆದು ಪತ್ತೆ ಮಾಡಿದ್ದೇನೆ ಎಂದು ನಾನು ಹೇಳಿದ್ದೆ. ಮನೆಯಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡ ಹೆಂಗಸಿಗೆ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ಆದದ್ದನ್ನೆಲ್ಲ ಆದ ಕ್ರಮದಲ್ಲೇ ಬರೆಯುತ್ತೇನೆ. ನಗುವವರು ನಗಲಿ.

ಬಿಳಿ ಬಟ್ಟೆ

ಮೊದಲು ಒಂದು ಮಾತು. ನಾನು ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದವಳು. ಮಸುಕಾದ ನೆರಳಿನಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಿವೃತ್ತಿಯ ನಂತರ ಟೆಲಿಸ್ಕೋಪಿಗೆ ಕ್ಯಾಮರಾ ಜೋಡಿಸಿದೆ, ಅಷ್ಟೆ.

ಆಕಾಶದ ಫೋಟೊ ತೆಗೆಯುವವರು ಸಂಜೆ ಬೆಳಕಿರುವಾಗಲೇ ಟೆಲಿಸ್ಕೋಪಿನ ಬಾಯಿಗೆ ಒಂದು ಬಿಳಿ ಬಟ್ಟೆ ಬಿಗಿದು ಕೆಲವು ಚಿತ್ರ ತೆಗೆಯುತ್ತಾರೆ. ಗಾಜಿನ ಮೇಲೆ ಎಲ್ಲೆಲ್ಲಿ ಧೂಳು ಕೂತಿದೆ ಎಂದು ಅದರಲ್ಲಿ ಗೊತ್ತಾಗುತ್ತದೆ. ನಂತರ ಲೆಕ್ಕ ಹಾಕಿ ಆ ಧೂಳಿನ ಗುರುತನ್ನು ನಿಜವಾದ ಚಿತ್ರದಿಂದ ಕಳೆಯಬಹುದು. ನಾನು ಗಂಜಿ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯನ್ನೇ ಬಳಸುತ್ತೇನೆ. ಸುಕ್ಕು ನನಗಾಗದು.

ಪಕ್ಕದ ಮನೆಯಾಕೆ ಒಣಗಿದ ಬಟ್ಟೆ ತೆಗೆಯಲು ತಮ್ಮ ತಾರಸಿಗೆ ಬಂದವರು ಇದನ್ನು ನೋಡಿದರು. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಆಕೆ ನನ್ನನ್ನು ಬಾಯಿ ಎನ್ನುತ್ತಾರೆ.

"ಎಂತ ಬಾಯಿ, ಅದಕ್ಕೂ ಶೀತ ಆಗ್ತದಾ? ಮುಖಕ್ಕೆ ಬಟ್ಟೆ ಕಟ್ಟಿದ್ದೀರಿ?"

"ಶೀತ ಅಲ್ಲ. ಧೂಳು ಎಲ್ಲಿ ಉಂಟು ಅಂತ ನೋಡ್ಲಿಕ್ಕೆ."

ಆಕೆ ಕೈಯಲ್ಲಿದ್ದ ಬಟ್ಟೆ ಮಡಚುತ್ತಾ ಹೇಳಿದರು: "ನಮ್ಮಲ್ಲಿ ಧೂಳಿದ್ದರೆ ಬಟ್ಟೆ ತಕೊಂಡು ಒರೆಸ್ತೇವೆ ಬಾಯಿ."

ಮುಚ್ಚಳ

ಬಟ್ಟೆಯ ನಂತರ ಮುಚ್ಚಳ. ಟೆಲಿಸ್ಕೋಪಿನ ಮುಚ್ಚಳ ಹಾಕಿಯೇ ನಲ್ವತ್ತು ಚಿತ್ರ ತೆಗೆಯಬೇಕು. ಬೆಳಕೇ ಇಲ್ಲದಾಗಲೂ ಕ್ಯಾಮರಾ ತನ್ನಷ್ಟಕ್ಕೆ ಕೆಲವು ಚುಕ್ಕಿಗಳನ್ನು ಹುಟ್ಟಿಸುತ್ತದೆ. ಆ ಚುಕ್ಕಿಗಳನ್ನು ನಕ್ಷತ್ರ ಎಂದುಕೊಂಡರೆ ಮರ್ಯಾದೆ ಹೋಗುತ್ತದೆ. ಅದಕ್ಕೇ ಈ ಕ್ರಮ.

ಹಿಂದಿನ ವರ್ಷ ಸಂಘದ ವಾರ್ಷಿಕ ಸಭೆಯ ನೋಟಿಸು ಕೊಡಲು ಕಾರ್ಯದರ್ಶಿ ಮನೆಗೆ ಬಂದಾಗ ಕಂಪ್ಯೂಟರಿನಲ್ಲಿ ಆ ಚಿತ್ರಗಳು ಸಾಲಾಗಿ ತೆರೆದಿದ್ದವು.

"ಎಂತ ಮೇಡಂ ಇದು, ಎಲ್ಲ ಕಪ್ಪು?"

"ಮುಚ್ಚಳ ಹಾಕಿ ತೆಗೆದದ್ದು."

"ಅಯ್ಯೋ! ತೆಗೀಲಿಕ್ಕೆ ಮರೆತುಹೋಯ್ತಾ?"

"ಮರೆತದ್ದಲ್ಲ. ಬೇಕೆಂದೇ."

"ನಲ್ವತ್ತೂ?"

"ನಲ್ವತ್ತೂ."

ಅವರು ನೋಟಿಸನ್ನು ನನ್ನ ಕೈಯಲ್ಲಿಟ್ಟು ಬಹಳ ಮೆಲ್ಲಗೆ ಹೇಳಿದರು: "ಬೇಜಾರು ಮಾಡ್ಬೇಡಿ ಮೇಡಂ. ಪ್ರಾಯ ಆಗುವಾಗ ಹೀಗೆಲ್ಲ ಆಗ್ತದೆ. ನನ್ನ ಅತ್ತೆ ಗ್ಯಾಸ್ ಹಚ್ಚದೆಯೇ ಅರ್ಧ ಗಂಟೆ ಸಾರು ಕುದಿಸ್ತಾರೆ."

ಪೂಜೆಯ ನಡುವೆ ಫೋನು

ಎರಡು ವರ್ಷ, ಮಳೆ ಬಿಟ್ಟ ತಿಂಗಳುಗಳಲ್ಲೆಲ್ಲ, ನಾನು ಆಕಾಶದ ಒಂದೇ ತುಂಡಿನ ಚಿತ್ರ ತೆಗೆದೆ. ನೀಹಾರಿಕೆಯ ಆಮ್ಲಜನಕ ಸೂಸುವ ಹಸಿರು ಬೆಳಕನ್ನು ಮಾತ್ರ ಒಳಗೆ ಬಿಡುವ ಒಂದು ಗಾಜು ಉಂಟು. ಅದನ್ನು ಹಾಕಿದರೆ ಉಪ್ಪಳ ಪೇಟೆಯ ದೀಪಗಳು ಅಷ್ಟಾಗಿ ಕಾಟ ಕೊಡುವುದಿಲ್ಲ. ನೂರಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದಾಗ ನಡುವಿನಲ್ಲಿ ಮಸುಕಾದ ಒಂದು ಉಂಗುರ ಕಂಡಿತು. ಬಟ್ಟೆಯ ಚಿತ್ರದಲ್ಲಿ ಅದು ಇರಲಿಲ್ಲ, ಮುಚ್ಚಳದ ಚಿತ್ರದಲ್ಲೂ ಇರಲಿಲ್ಲ. ಯಾವ ಪಟ್ಟಿಯಲ್ಲೂ ಇರಲಿಲ್ಲ.

ಆದರೂ ಒಬ್ಬಳೇ ನೋಡಿದ್ದನ್ನು ಊರಿಗೆ ಹೇಳುವುದು ನಮ್ಮ ಮನೆಯ ಪದ್ಧತಿಯಲ್ಲ. ಉಪ್ಪಳದಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ, ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಯವರೊಬ್ಬರು ಗಲ್ಫಿನಿಂದ ಬರುವಾಗ ಒಳ್ಳೆಯ ಟೆಲಿಸ್ಕೋಪ್ ತಂದಿದ್ದರು. ಸೀತಾಂಗೋಳಿಯ ತಮ್ಮ ಮನೆಯ ಮೇಲೆ ಇಟ್ಟು ಅವರೂ ನನ್ನಂತೆ ಚಿತ್ರ ತೆಗೆಯುತ್ತಾರೆ. ಅವರಿಗೆ ಆಕಾಶದ ಆ ಜಾಗ ಮಾತ್ರ ತಿಳಿಸಿದೆ. ಅಲ್ಲಿ ಏನು ಕಂಡೆ ಎಂದು ಹೇಳಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಫಾದರ್ ಪ್ರವಚನ ನೀಡುತ್ತಿದ್ದಾಗ ನನ್ನ ಫೋನು ನಡುಗಿತು. ಪೂಜೆಯ ನಡುವೆ ಫೋನು ತೆಗೆದವರನ್ನು ಹಿಂದಕ್ಕೆ ತಿರುಗಿ ದುರುಗುಟ್ಟಿ ನೋಡುವವಳು ನಾನೇ. ಅಂದು ನಾನೇ ಎದ್ದು ಹೊರಗೆ ಹೋದೆ.

"ಬಾಯಿ, ಉಂಟು!" ಎಂದರು ಬ್ಯಾರಿಯವರು. ನಮಸ್ಕಾರ ಇಲ್ಲ, ಏನೂ ಇಲ್ಲ. "ಒಂದು ಉಂಗುರ ಉಂಟು. ಎಡಬದಿ ಸ್ವಲ್ಪ ದಪ್ಪ. ನಿಮ್ಮದರಲ್ಲೂ ಹಾಗೇ ಉಂಟಾ?"

ಹಾಗೇ ಇತ್ತು.

ಪೂಜೆ ಮುಗಿದ ಮೇಲೆ ಫಾದರ್ ಕೇಳಿದರು: "ನೀವು ಎದ್ದುಹೋದದ್ದು ನೋಡಿ ಗಾಬರಿಯಾಯಿತು. ಯಾರಾದರೂ ತೀರಿಹೋದರೇ?"

"ಹೌದು ಫಾದರ್, ಒಂದು ನಕ್ಷತ್ರ. ಸಾಯುವಾಗ ಬಿಟ್ಟ ಅನಿಲ ಈಗ ನಮ್ಮ ಕಣ್ಣಿಗೆ ಬಿತ್ತು."

"ಯಾವಾಗ ಆದದ್ದು?"

"ಸಾವಿರಾರು ವರ್ಷಗಳಾಗಿರಬೇಕು."

"ಹಾಗಾದರೆ," ಎಂದರು ಫಾದರ್, "ಪ್ರವಚನ ಮುಗಿಯುವವರೆಗೆ ಕಾಯಬಹುದಿತ್ತು."

ವಾರ್ಷಿಕ ಸಭೆ

ಇಬ್ಬರ ಚಿತ್ರಗಳನ್ನೂ ಒಂದು ವೀಕ್ಷಣಾಲಯದ ವಿಜ್ಞಾನಿಗಳಿಗೆ ಕಳಿಸಿ ಉತ್ತರಕ್ಕೆ ಕಾಯುತ್ತಿದ್ದಾಗ ಸಂಘದ ಈ ವರ್ಷದ ಸಭೆ ಬಂತು. ಸದಸ್ಯರ ಸಾಧನೆಗಳನ್ನು ಹೇಳುವ ಹೊತ್ತಿನಲ್ಲಿ ನಾನು ಎದ್ದು ಎರಡು ವಾಕ್ಯದಲ್ಲಿ ವಿಷಯ ತಿಳಿಸಿದೆ. ಕಾರ್ಯದರ್ಶಿ ಮೈಕ್ ಎಳೆದುಕೊಂಡರು.

"ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಕಾಣದ್ದು ಮಂಗಲ್ಪಾಡಿಯ ತಾರಸಿಯಲ್ಲಿ ಕಂಡಿತಂತೆ! ನಂಬುವ ಮಾತಾ ಮಾರಾಯ್ರೆ? ಮೇಡಂ ಫೋಟೊ ತೆಗೆಯುವುದು ಮುಚ್ಚಳ ಹಾಕಿ. ನಾನೇ ಕಣ್ಣಾರೆ ನೋಡಿದ್ದೇನೆ. ಇದು ಸುಳ್ಳು."

ಸಭೆ ನಕ್ಕಿತು. ನಾನು ಕೂರಲಿಲ್ಲ.

"ಅವರ ಟೆಲಿಸ್ಕೋಪ್ ದೊಡ್ಡದು, ಆದರೆ ಒಬ್ಬೊಬ್ಬರಿಗೆ ಸಿಗುವ ಸಮಯ ಸಣ್ಣದು. ನನ್ನದು ಸಣ್ಣದು, ಆದರೆ ನನ್ನನ್ನು ಏಳಿ ಎನ್ನುವವರಿಲ್ಲ. ಒಂದೇ ಕಡೆ ಎರಡು ವರ್ಷ ನೋಡಿದ್ದೇನೆ."

"ಎರಡು ವರ್ಷ ಒಂದೇ ಕಡೆ ನೋಡಿದರೆ ಯಾರಿಗಾದರೂ ಎಂತಾದರೂ ಕಾಣ್ತದೆ ಮೇಡಂ!"

"ಸರಿಯಾಗಿ ಹೇಳಿದಿರಿ," ಎಂದೆ. "ಅದಕ್ಕೆ ಸಂಶೋಧನೆ ಎನ್ನುತ್ತಾರೆ."

ಈ ಸಲ ನಕ್ಕವರು ಬೇರೆ. ಆದರೆ ಸಭೆಯ ಮಿನಿಟ್ಸಿನಲ್ಲಿ ನನ್ನ ಉತ್ತರ ಇಲ್ಲ. "ಸದಸ್ಯೆಯ ಹೇಳಿಕೆ ಸುಳ್ಳೆಂದು ಕಾರ್ಯದರ್ಶಿಯವರು ತಿಳಿಸಿದರು" ಎಂಬುದು ಮಾತ್ರ ಉಂಟು, ದುಂಡಗಿನ ಅಕ್ಷರದಲ್ಲಿ.

ಸನ್ಮಾನ

ವಿಜ್ಞಾನಿಗಳ ಉತ್ತರ ಬಂತು. ಅವರು ದೊಡ್ಡ ದೂರದರ್ಶಕದಲ್ಲಿ ಆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಪರೀಕ್ಷಿಸಿದ್ದರು. ಅದು ನಿಜವಾದ ನೀಹಾರಿಕೆಯೇ. ಪ್ರಬಂಧದಲ್ಲಿ ಪತ್ತೆ ಮಾಡಿದವರೆಂದು ನನ್ನ ಮತ್ತು ಬ್ಯಾರಿಯವರ ಹೆಸರು ಹಾಕುತ್ತೇವೆ ಎಂದು ಬರೆದಿದ್ದರು. ಸುದ್ದಿ ಊರಲ್ಲಿ ಹರಡಿತು. ಮರುವಾರವೇ ಕಾರ್ಯದರ್ಶಿ ಬಂದು ಸಂಘದಿಂದ ನಮ್ಮಿಬ್ಬರಿಗೆ ಸನ್ಮಾನ ಎಂದರು. "ಫ್ಲೆಕ್ಸಿಗೆ ಆ ಫೋಟೊ ಒಂದು ಕಳಿಸಿ ಮೇಡಂ" ಎಂದರು. ಕಳಿಸಿದೆ.

ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಫ್ಲೆಕ್ಸ್. ನಮ್ಮಿಬ್ಬರ ಮುಖ, ನಡುವೆ ನನ್ನ ಚಿತ್ರ. ನಾನು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿದೆ. ನಕ್ಷತ್ರಗಳು ಇದ್ದವು. ಒಂದೂ ತಪ್ಪಿರಲಿಲ್ಲ. ಉಂಗುರ ಇರಲಿಲ್ಲ.

"ಕಾರ್ಯದರ್ಶಿಗಳೇ, ಚಿತ್ರಕ್ಕೆ ಎಂತ ಮಾಡಿದಿರಿ?"

ಅವರ ಮುಖ ಅರಳಿತು. "ನೋಡಿದಿರಾ ಮೇಡಂ? ಫೋಟೊ ಚಂದ ಇತ್ತು. ನಡುವಲ್ಲಿ ಮಾತ್ರ ಒಂದು ಕಲೆ ಇತ್ತು, ಚಾ ಗ್ಲಾಸು ಇಟ್ಟು ಎತ್ತಿದ ಹಾಗೆ. ಫ್ಲೆಕ್ಸಿನವನ ಹತ್ತಿರ ಹೇಳಿ ತೆಗೆಸಿದೆ. ಒಂದು ಗಂಟೆ ಕೂತು ಕ್ಲೀನ್ ಮಾಡಿದ, ಪಾಪ."

ಬ್ಯಾರಿಯವರು ಫ್ಲೆಕ್ಸಿನ ಹತ್ತಿರ ಹೋಗಿ ಬೆರಳಿನಿಂದ ಸವರಿ ನೋಡಿ ಬಂದರು. "ಬಾಯಿ," ಎಂದರು, "ನೀವು ಎರಡು ವರ್ಷ ಹುಡುಕಿದ್ದನ್ನು ಅವನು ಒಂದೇ ಗಂಟೆಯಲ್ಲಿ ಕಂಡುಹಿಡಿದ. ನೋಡಿ, ಅಂಚು ಕೂಡ ಬಿಡಲಿಲ್ಲ. ನಮಗೆ ಇನ್ನೊಬ್ಬ ಸಾಕ್ಷಿ!"

ಮಾತು ಸತ್ಯ. ಇಲ್ಲದ್ದನ್ನು ಯಾರೂ ಅಷ್ಟು ಸರಿಯಾಗಿ ಅಳಿಸಲಾರರು.

ತಾವು ತೆಗೆಸಿದ ಕಲೆಯೇ ನೀಹಾರಿಕೆ ಎಂದು ಅರ್ಥವಾದಾಗ ಕಾರ್ಯದರ್ಶಿ ಬೆವರಿದರು. "ಬೇರೆ ಫ್ಲೆಕ್ಸ್ ಮಾಡಿಸುವ ಮೇಡಂ, ಇನ್ನೂ ದೊಡ್ಡದು. ಶಾಲೂ ಉಂಟಲ್ಲ, ಹಾರವೂ ಉಂಟಲ್ಲ. ಹಳೆಯದನ್ನೆಲ್ಲ ಬಿಟ್ಟುಬಿಡುವ."

ಶಾಲನ್ನು ನಾನು ಮಡಚಿ ಮೇಜಿನ ಮೇಲಿಟ್ಟು ಬಂದಿದ್ದೇನೆ. ಅದನ್ನು ನಾನು ಹೊದೆಯಬೇಕಾದರೆ ಮೊದಲು ಮಿನಿಟ್ಸಿನಲ್ಲಿರುವ ಆ ಸಾಲನ್ನು ಹೊಡೆದುಹಾಕಬೇಕು. ಕಾರ್ಯದರ್ಶಿಯವರು ಮುಂದಿನ ಸಭೆಯಲ್ಲಿ ಎದ್ದು ನಿಂತು, ಮೈಕಿನಲ್ಲಿ, ಎಲ್ಲರಿಗೂ ಕೇಳುವಂತೆ ನನ್ನ ಕ್ಷಮೆ ಕೇಳಬೇಕು.