ಹದಿನೈದನೆಯ ಮರ

ಈರೇಶನ ಅವತ್ತಿನ ಫಜೀತಿಗೆಲ್ಲ ಕಾರಣ ಅರ್ಧ ಡಬ್ಬ ಸುಣ್ಣ. ಅದು ಮನೆಯಲ್ಲಿ ಇಲ್ಲದಿದ್ದರೆ ಅವನು ಮರಗಳ ಮೇಲೆ ನಂಬರು ಬರೆಯುತ್ತಿರಲಿಲ್ಲ. ಬರೆಯದಿದ್ದರೆ ಲಿಂಗರಾಜಪುರದ ಆ ಅಡ್ಡರಸ್ತೆ ತನ್ನಷ್ಟಕ್ಕೆ ತಾನು ಕಾಫಿ ಕುಡಿದುಕೊಂಡು ಸುಖವಾಗಿರುತ್ತಿತ್ತು.

ಈರೇಶನದು ಕಾಡು ಬೆಳೆಸುವ ಕೆಲಸ. ಕಮ್ಮನಹಳ್ಳಿ ಮೇನ್ ರೋಡಿನಲ್ಲಿ, ಒಂದು ಬೇಕರಿಯ ಮಹಡಿಯ ಮೇಲೆ, ಕಂಪ್ಯೂಟರಿನೊಳಗೆ. ಅವರ ಸಣ್ಣ ಕಂಪನಿ ಮಾಡಿದ ಸಾಫ್ಟ್‌ವೇರಿನ ಹೆಸರು ‘ತೋಪು’. ಒಂದೊಂದು ಮರದ ಸುತ್ತಳತೆ, ಎತ್ತರ, ಕೊಂಬೆಗಳ ಹರವು ತುಂಬಿದರೆ ಸಾಕು, ಅದು ಇಡೀ ತೋಪನ್ನು ತೆರೆಯ ಮೇಲೆ ಎಬ್ಬಿಸಿ ನಿಲ್ಲಿಸುತ್ತಿತ್ತು. ಯಾವುದನ್ನು ಕಡಿದು ಯಾವುದನ್ನು ಉಳಿಸಿದರೆ ಹತ್ತು ವರ್ಷದ ಮೇಲೆ ತೋಪು ಹೇಗಿರುತ್ತದೆ ಎಂದೂ ತೋರಿಸುತ್ತಿತ್ತು. ನಾಲ್ಕು ವರ್ಷದಿಂದ ಕಾಂಟ್ರಾಕ್ಟಿನಲ್ಲೇ ಉಳಿದಿದ್ದ ಈರೇಶ, ಹತ್ತು ವರ್ಷದ ಮೇಲೆ ತಾನು ಹೇಗಿರುತ್ತೇನೆ ಎಂದು ಅದನ್ನು ಕೇಳುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಹಿಂದಿನ ಸಲ ಅರಣ್ಯ ಇಲಾಖೆಯ ಸಾಹೇಬರು ನೋಡಲು ಬಂದಾಗ ಈರೇಶ ಅಂದಾಜಿನ ಮೇಲೆ ಅಂಕಿ ತುಂಬಿದ್ದ. ಕೈತಪ್ಪಿ ಒಂದು ಸೊನ್ನೆ ಹೆಚ್ಚಾಗಿ, ನೀಲಗಿರಿ ಮರವೊಂದು ಮುನ್ನೂರು ಮೀಟರ್ ಬೆಳೆದು ತೆರೆ ದಾಟಿ ಹೋಯಿತು. “ಇದರ ತುದಿ ನೋಡೋಕೆ ವಿಮಾನ ಹತ್ಬೇಕೇನ್ರೀ? ಮುಂದಿನ ಸಲ ನಿಜವಾದ ಮರ ತೋರಿಸಿ,” ಎಂದು ಸಾಹೇಬರು ಎದ್ದುಹೋಗಿದ್ದರು. ಆ ಮುಂದಿನ ಸಲ ಇವತ್ತು ಮಧ್ಯಾಹ್ನ ಮೂರಕ್ಕೆ.

“ಆರ್ಡರ್ ಸಿಕ್ರೆ ನೀನು ಪರ್ಮನೆಂಟ್ ಗುರು,” ಎಂದಿದ್ದ ಬಾಸ್ ಕಿರಣಕುಮಾರ. “ಸಿಗ್ಲಿಲ್ಲ ಅಂದ್ರೆ ಇಬ್ರೂ ಕೆಳಗೆ ಬೇಕರೀಲಿ ಬನ್ ಮಾರೋಣ.”

ಕಾಡಿನಿಂದ ಬರಬೇಕಿದ್ದ ಅಳತೆಗಳು ಬಂದಿರಲಿಲ್ಲ. ಆಗ ಈರೇಶನಿಗೆ ಹೊಳೆದದ್ದು ತನ್ನದೇ ರಸ್ತೆ. ಹೊಂಗೆ, ಮಳೆಮರ, ಬೇವು ಎಲ್ಲ ಸೇರಿ ಹದಿನಾಲ್ಕು ನಿಜವಾದ ಮರ! ಹೆಂಡತಿ ಜಯಮಾಲಾ ಮನೆಯಲ್ಲೇ ಬ್ಲೌಸು, ಶರ್ಟು ಹೊಲಿಯುತ್ತಿದ್ದಳು. ಬೆಳಗಿನ ಐದೂವರೆಗೆ ಅವಳ ಟೇಪು, ಅವಳ ಅಳತೆ ಪುಸ್ತಕ ಎತ್ತಿಕೊಂಡು ಬೀದಿಗಿಳಿದ. ಸುತ್ತಳತೆಯನ್ನು ಟೇಪಿನಿಂದ ಇಂಚಿನಲ್ಲಿ, ಎತ್ತರ ಹರವುಗಳನ್ನು ಕಣ್ಣಂದಾಜಿನಲ್ಲಿ ಅಡಿಯ ಲೆಕ್ಕದಲ್ಲಿ ಬರೆದುಕೊಂಡ. ಒಂದೇ ಮರವನ್ನು ಎರಡು ಸಲ ಅಳೆಯಬಾರದೆಂದು, ಕಾಡಿನವರು ಮಾಡುವ ಹಾಗೆ, ಪ್ರತಿ ಕಾಂಡದ ಮೇಲೂ ಸುಣ್ಣದಲ್ಲಿ ದಪ್ಪಗೆ ನಂಬರು ಹಾಕಿದ. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವನಿಗೇ ಅವನ ಮೇಲೆ ಗೌರವ ಬಂತು. ಅಂಥದ್ದು ವರ್ಷಕ್ಕೊಮ್ಮೆ ಆಗುತ್ತಿತ್ತು, ಮಧ್ಯಾಹ್ನದೊಳಗೆ ಇಳಿದುಹೋಗುತ್ತಿತ್ತು.

ಮನೆಗೆ ಬಂದರೆ ಬಾಗಿಲಲ್ಲೇ ಜಯಮಾಲಾ. “ಟೇಪ್ ಕೊಡ್ರಿ ಇಲ್ಲಿ. ಒಂದೀಟು ಅಲ್ಲೇ ನಿಂದರ್ರಿ. ಪರ್ಮನೆಂಟ್ ಆದ್ರ ಹೊಸಾ ಅಂಗಿ ಹೊಲೀತೀನಿ.” ಅವನ ಸುತ್ತ ಟೇಪು ಹಾಯಿಸಿ, ಅವನ ಕೈಯಲ್ಲಿದ್ದ ಪುಸ್ತಕದಲ್ಲೇ ಗೀಚಿಕೊಂಡು, “ಹೊಟ್ಟಿ ಒಳಗ ಎಳಕೋಬ್ಯಾಡ್ರಿ, ಆಮ್ಯಾಲ ಗುಂಡಿ ಹಾರಿ ಯಾರದರ ಕಣ್ಣಿಗೆ ಬಡೀತಾವ,” ಎಂದಳು. ಈರೇಶ ಬಟ್ಟೆ ಬದಲಿಸಿ, ಪುಸ್ತಕದಿಂದ ಮರಗಳ ಪಟ್ಟಿಯ ಹಾಳೆ ಹರಿದು ಜೇಬಿಗಿಟ್ಟುಕೊಂಡು ಹೊರಟ.

ಗೇಟಿನ ಹೊರಗೆ ರಸ್ತೆಗೆ ರಸ್ತೆಯೇ ಸೇರಿತ್ತು. ನಡುವೆ ನಿಂತು ಕೈಬೀಸುತ್ತಿದ್ದವರು ಬಡಾವಣೆ ಸಂಘದ ಕಾರ್ಯದರ್ಶಿ ಸುಜಾತಾ ಮೇಡಂ.

“ರಾತ್ರೋರಾತ್ರಿ ನಂಬರ್ ಹಾಕ್ಬಿಟ್ಟಿದ್ದಾರೆ ರೀ! ನಂಬರ್ ಬಿತ್ತು ಅಂದ್ರೆ ಗರಗಸ ಬಂತು ಅಂತಾನೇ ಅರ್ಥ. ಒಂದು ಎಲೆ ಮುಟ್ಟೋಕೆ ಬಿಡಲ್ಲ ನಾನು!”

“ಮರ ಕಡಿಯೋಕ್ಕೆ ಮುಂಚೆ ನನ್ನ ಕಡೀಬೇಕು!” ಎಂದರು ಈರೇಶನ ಮನೆ ಮಾಲೀಕ ಅಸ್ಗರ್ ಸಾಹೇಬರು. ಶಿವಾಜಿನಗರದ ಅಂಗಡಿ ತೆರೆಯುವುದನ್ನೂ ಬಿಟ್ಟು ನಿಂತಿದ್ದರು.

“ನನ್ನನ್ನೂ,” ಎಂದರು ಎದುರು ಮನೆಯ ನಿವೃತ್ತ ಮೇಷ್ಟ್ರು ಅಮರಪ್ಪ. “ಆದ್ರ ಮೊದ್ಲು ಅವರನ್ನ ಕಡೀಲಿ.”

ಈರೇಶ ಸುಣ್ಣ ಹತ್ತಿದ ಬೆರಳನ್ನು ಮೆಲ್ಲಗೆ ಪ್ಯಾಂಟಿನ ಜೇಬಿಗೆ ಇಳಿಸಿದ. ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಸುಜಾತಾ ಮೇಡಂ, “ಈರೇಶ್ ಅವ್ರು ಕಾಡಿನ ಕಂಪ್ಯೂಟರ್ ಕೆಲ್ಸದಲ್ಲಿರೋರು. ಇವ್ರೇ ನಮ್ಮ ಮರ ಉಳಿಸೋ ಸಮಿತಿಗೆ ಸಂಚಾಲಕರು!” ಎಂದು ಘೋಷಿಸಿಬಿಟ್ಟರು. ಚಪ್ಪಾಳೆ ಬಿತ್ತು. ಜೀವನದಲ್ಲಿ ಮೊದಲ ಸಲ ತನಗೆ ಬಿದ್ದ ಚಪ್ಪಾಳೆಯನ್ನು ನಿಲ್ಲಿಸಲು ಈರೇಶನಿಗೆ ಮನಸ್ಸಾಗಲಿಲ್ಲ. ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡ.

ಗುಂಪು ಕರಗುತ್ತಲೇ ಅಸ್ಗರ್ ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ ಗೋಡೆಯ ಮರೆಗೆ ಕರೆದೊಯ್ದರು. “ಅರೆ ಈರೇಶ್ ಭಾಯ್, ಎಲ್ಲಾ ಮರ ಉಳೀಬೇಕು. ಆ ಒಂಬತ್ತು ನಂಬರ್ ಒಂದು ಮಾತ್ರ... ಹೋದ್ರೆ ಹೋಗ್ಲಿ ಬಿಡಿ. ಸೋಲಾರ್ ಮೇಲೆ ಬಿಸಿಲೇ ಬೀಳಲ್ಲ. ಎರಡು ವರ್ಷ ಆಯ್ತು ಬಿಸಿನೀರು ನೋಡಿ.”

ಬಸ್‌ಸ್ಟಾಪಿನ ತನಕ ಅಮರಪ್ಪ ಮೇಷ್ಟ್ರು ಹಿಂದೆಯೇ ಬಂದರು. “ತಮ್ಮಾ, ಮೂರನೇ ನಂಬರಿನ ಗಿಡದಾಗ ಬರೀ ಕಾಗಿ. ಮಂದಿ ನನ್ನ ಕಾರು ಬಿಳೇದು ಅಂತ ತಿಳಕೊಂಡಾರ. ಅದು ಕೆಂಪ ಐತಿ.”

ಈರೇಶ ಆಫೀಸು ಸೇರಿ ಹಾಳೆ ಬಿಚ್ಚುವಷ್ಟರಲ್ಲಿ ಸುಜಾತಾ ಮೇಡಂ ಫೋನು. ಅವರ ದನಿ ಬೆಳಗಿನದಲ್ಲ, ಪಿಸುದನಿ. “ಹನ್ನೆರಡನೇದರ ಬೇರು ನಮ್ಮ ನೀರಿನ ಸಂಪ್ ಒಳಗೇ ನುಗ್ಗಿದೆ ರೀ. ಹೋರಾಟ ಹೋರಾಟವೇ. ಆದ್ರೆ ಹನ್ನೆರಡಕ್ಕೆ ನೀವು ತುಂಬಾ ಸ್ಟ್ರಾಂಗಾಗಿ ಹೋರಾಡ್ಬೇಡಿ.” ಈರೇಶ ಫೋನನ್ನು ಕಿವಿ ಹೆಗಲುಗಳ ನಡುವೆ ಸಿಕ್ಕಿಸಿಕೊಂಡು “ಹೂಂ ಮೇಡಂ” ಅನ್ನುತ್ತಲೇ, ಹಾಳೆಯಲ್ಲಿದ್ದುದನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿಗೆ ಟೈಪು ಮಾಡಿ ಮುಗಿಸಿದ.

ಮೂರಕ್ಕೆ ಸರಿಯಾಗಿ ಸಾಹೇಬರು ಬಂದರು. ತೆರೆಯ ಮೇಲೆ ರಸ್ತೆಯುದ್ದಕ್ಕೂ ಪಟ್ಟಿಯ ಕ್ರಮದಲ್ಲೇ ಮರಗಳು ಎದ್ದು ನಿಂತವು. ಯಾವುದೂ ತೆರೆ ದಾಟಲಿಲ್ಲ. “ಪರ್ವಾಗಿಲ್ಲ, ಮರದ ಹಾಗೇ ಇದೆ,” ಎಂದರು ಸಾಹೇಬರು. ಕಿರಣಕುಮಾರ ಮೇಜಿನ ಕೆಳಗೆ ಈರೇಶನ ಕಾಲು ಸವರಿದ.

“ಈಗ ಕಡಿತ ತೋರಿಸಿ. ಯಾವ್ದು ತೆಗೀತೀರಿ?”

ಈರೇಶನ ತಲೆಯಲ್ಲಿ ಬೆಳಗಿನಿಂದ ಮೂರೇ ನಂಬರು ಕುಣಿಯುತ್ತಿದ್ದವು. ಕೈ ತಾನಾಗಿ ಮೂರು, ಒಂಬತ್ತು, ಹನ್ನೆರಡನ್ನು ಒತ್ತಿತು. ಮೂರೂ ಮರ ಮಾಯವಾದವು. ಅದೇ ಹೊತ್ತಿಗೆ ಬಾಗಿಲು ತೆರೆದು ಮನವಿಪತ್ರ ಹಿಡಿದ ಸುಜಾತಾ ಮೇಡಂ, ಹಿಂದೆ ಅಸ್ಗರ್ ಸಾಹೇಬರು, ಅಮರಪ್ಪ ಮೇಷ್ಟ್ರು ಒಳಗೆ ಬಂದರು. ಸಾಹೇಬರು ಬರುವ ವಿಷಯ ಜಯಮಾಲಾಳ ಬಾಯಿಂದ ತಿಳಿದಿತ್ತು.

ತೆರೆಯ ಮೇಲೆ ತಮ್ಮದೇ ಬೀದಿ! ತಮತಮಗೆ ಬೇಡದ ಮರ ಮಾಯವಾದದ್ದು ಕಂಡು ಒಂದು ಗಳಿಗೆ ಮೂವರ ಮುಖದಲ್ಲೂ ಹುಣ್ಣಿಮೆ. ಮರುಗಳಿಗೆ ಮಿಕ್ಕ ಎರಡು ಖಾಲಿ ಜಾಗ ಕಣ್ಣಿಗೆ ಬಿತ್ತು.

“ಮೂರನೇದು ಯಾಕೆ ಹೋಯ್ತು? ಸಂಜೆ ನಾನು ನಿಂತು ಮಾತಾಡೋದೇ ಅದರ ನೆರಳಲ್ಲಿ!” ಎಂದರು ಸುಜಾತಾ ಮೇಡಂ.

“ಹನ್ನೆರಡು ತೆಗೆಯೋಕೆ ಯಾರು ಹೇಳಿದ್ದು? ಜುಮ್ಮಾ ದಿನ ನನ್ನ ಸ್ಕೂಟರ್ ಅಲ್ಲೇ ನಿಲ್ಲೋದು!” ಎಂದರು ಅಸ್ಗರ್ ಸಾಹೇಬರು.

“ಒಂಬತ್ತರ ಬೇವಿನ ಕಡ್ಡೀಲೆ ನಾ ಹಲ್ಲು ತಿಕ್ಕಾವ! ಅಲ್ಲ ಸಾಹೇಬ್ರ, ನಿಮ್ಮ ಬಿಸಿನೀರಿಗೆ ನನ್ನ ಹಲ್ಲು ಬಲಿ ಏನು?” ಎಂದರು ಮೇಷ್ಟ್ರು.

ಆಫೀಸು ಮೀನು ಮಾರ್ಕೆಟ್ಟಾಯಿತು. ನಂಬರು ಬರೆದವನು ಈರೇಶನೇ ಎಂಬುದೂ ಆ ಗಲಾಟೆಯಲ್ಲೇ ಹೊರಬಿತ್ತು. ಬೆಳಿಗ್ಗೆ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಈಗ ಅವನ ಕಡೆ ಬೆರಳು ತೋರಿದವು. ಕಿರಣಕುಮಾರ ಕಿಟಕಿಯಿಂದ ಬೇಕರಿಯ ಕಡೆ ಒಂದು ನೋಟ ಹಾಯಿಸಿದ, ಬನ್ನುಗಳನ್ನು ಪರಿಚಯ ಮಾಡಿಕೊಳ್ಳುವವನಂತೆ.

ಸಾಹೇಬರು ಮೇಜು ಕುಟ್ಟಿದರು. “ಸಾಕು! ನಿಮ್ಮ ಸಾಫ್ಟ್‌ವೇರಿಗೆ ಸ್ವಂತ ಬುದ್ಧಿ ಇದ್ಯೇನ್ರೀ? ಇದ್ರೆ ಅದೇ ಹೇಳ್ಲಿ, ಯಾವ್ದು ಹೋಗ್ಬೇಕು ಅಂತ.”

ಈರೇಶ ‘ಸಲಹೆ’ ಎಂಬ ಗುಂಡಿ ಒತ್ತಿದ. ಮೂರೂ ಮರ ಮರಳಿ ಬಂದವು. ತೋಪು ಸ್ವಲ್ಪ ಹೊತ್ತು ಯೋಚಿಸಿ, ರಸ್ತೆಯ ತುದಿಯಲ್ಲಿ ದೊಡ್ಡ ಮಳೆಮರದ ಅಡಿ ಕುಗ್ಗಿ ನಿಂತಿದ್ದ ಒಂದು ಗಿಡ್ಡ ಮರದ ಸುತ್ತ ಕೆಂಪು ಗೆರೆ ಎಳೆಯಿತು. ನಂಬರ್ ಹದಿನೈದು. ಪಕ್ಕದಲ್ಲಿ ಅಕ್ಷರಗಳು ಮೂಡಿದವು: ‘ಬೆಳವಣಿಗೆ ಕುಂಠಿತ. ದೊಡ್ಡವರ ನೆರಳಲ್ಲೇ ಉಳಿದಿದೆ. ಮುಂದಿನ ಹತ್ತು ವರ್ಷದಲ್ಲಿ ಸುಧಾರಣೆ ಕಾಣದು. ತೆಗೆದರೆ ಸುತ್ತಲಿನವರಿಗೆ ಅನುಕೂಲ.’

“ಹದಿನೈದಾ? ಅದ್ಯಾವ್ದು?” ಎಂದರು ಸುಜಾತಾ ಮೇಡಂ.

“ಯಾವ್ದಾದ್ರ ಏನ್ರಿ, ನಮ್ಮನಿ ಮುಂದ ಇಲ್ಲಲ್ಲ,” ಎಂದರು ಮೇಷ್ಟ್ರು.

“ನಮ್ಮನೆ ಮುಂದೂ ಇಲ್ಲ. ತೆಗೀಲಿ!” ಎಂದರು ಅಸ್ಗರ್ ಸಾಹೇಬರು.

“ಎಲ್ಲಿದೆ ರೀ ಇದು?” ಸಾಹೇಬರು ಕೇಳಿದರು. ಹದಿನಾಲ್ಕಕ್ಕೇ ಸುಣ್ಣ ನಿಲ್ಲಿಸಿದ ನೆನಪು ಈರೇಶನಿಗೆ ಮಸುಕಾಗಿ ಬಂತು. ಆದರೆ ಕೆಟ್ಟದ್ದು ಇಷ್ಟು ಸಲೀಸಾಗಿ ಸರಿಹೋಗುತ್ತಿರುವಾಗ ನೆನಪಿನ ಮಾತು ಕೇಳುವವರು ಯಾರು? “ಮೂಲೇದು ಸಾರ್,” ಎಂದ.

ಮನವಿಪತ್ರದ ಹಿಂಬದಿಯಲ್ಲೇ ಒಮ್ಮತದ ಒಪ್ಪಿಗೆ ಬರೆದಾಯಿತು. ಹದಿನೈದನ್ನು ತೆಗೆಯಲು ತಮ್ಮದೇನೂ ಅಭ್ಯಂತರವಿಲ್ಲ. ಮೂವರೂ ಸಹಿ ಹಾಕಿದರು. ಎಲ್ಲಕ್ಕಿಂತ ಮೇಲೆ ಸಂಚಾಲಕನ ಸಹಿ. ಸಾಹೇಬರು ಖುಷಿಯಾಗಿ ಎದ್ದರು. “ನಾಳೆ ಬೆಳಿಗ್ಗೆ ಎಂಟಕ್ಕೆ ನಾನೇ ಬರ್ತೀನಿ. ಆ ಹದಿನೈದನೇ ಮರ ಕಣ್ಣಾರೆ ತೋರಿಸಿ. ಇದು ಹೇಳಿದ ಹಾಗೇ ಇದ್ರೆ ಅಲ್ಲೇ ಆರ್ಡರ್.”

ಈರೇಶ ಸಂಜೆ ಶಿಳ್ಳೆ ಹೊಡೆಯುತ್ತಾ ಬೀದಿಗೆ ಬಂದು, ಮೂಲೆಯಲ್ಲಿ ನಿಂತು ನೋಡಿದ. ಕಂಬವಿತ್ತು, ಕಸದ ರಾಶಿಯಿತ್ತು. ಮರವಿರಲಿಲ್ಲ. ಮೂರು ಸಲ ಎಣಿಸಿದ. ಮೂರು ಸಲವೂ ಹದಿನಾಲ್ಕು.

ಮನೆಯೊಳಗೆ ಜಯಮಾಲಾ ಬಟ್ಟೆ ಹರಡಿಕೊಂಡು ಕೂತಿದ್ದಳು. “ಬಂದ್ರಿ? ಆ ಹಾಳಿ ಎಲ್ಲೈತ್ರಿ? ಅದರಾಗ ನಿಮ್ಮ ಅಂಗಿ ಅಳತಿ ಐತಿ.”

“ಅಂಗಿ ಅಳತೀನಾ?”

“ಹೂಂ ಮತ್ತ. ನಿಮ್ಮ ಗಿಡದ ಪಟ್ಟಿ ಕೆಳಗ ಬರದೀನಲ್ಲ. ಎದಿ ಮೂವತ್ತೆಂಟು, ಉದ್ದ ಇಪ್ಪತ್ತೆಂಟು, ಭುಜ ಹದಿನೇಳು.”

ಈರೇಶ ಹಾಳೆ ಬಿಚ್ಚಿದ. ಹದಿನಾಲ್ಕನೆಯ ಸಾಲಿನ ಕೆಳಗೆ ಅವಳ ಅಕ್ಷರದಲ್ಲಿ ಮೂವತ್ತೆಂಟು, ಇಪ್ಪತ್ತೆಂಟು, ಹದಿನೇಳು. ಸುತ್ತಳತೆ, ಎತ್ತರ, ಹರವು. ಅವನು ಮೆಲ್ಲಗೆ ನೆಲದ ಮೇಲೆ ಕೂತ. ತೋಪಿನಲ್ಲಿ ಈ ಸಲ ಒಂದು ಸೊನ್ನೆಯೂ ತಪ್ಪಿರಲಿಲ್ಲ.

ಎಲ್ಲ ಕೇಳಿದ ಮೇಲೆ ಜಯಮಾಲಾ ಬಾಯಿಗೆ ಸೆರಗು ಒತ್ತಿಕೊಂಡು ಸಾಕಷ್ಟು ಹೊತ್ತು ನಕ್ಕಳು. ಆಮೇಲೆ ಎದ್ದುಹೋಗಿ ಮೂಲೆಯಿಂದ ಸುಣ್ಣದ ಡಬ್ಬ ತಂದು ಅವನ ಮುಂದಿಟ್ಟಳು.

“ಮುಂಜಾನೆ ಎಂಟಕ್ಕ ಹೋಗಿ ಮೂಲ್ಯಾಗ ನಿಂದರ್ರಿ. ನಂಬರ್ ಬೆನ್ನಿಗೆ ಬರೀಲೇನು, ಎದಿಗೆ ಬರೀಲೇನು?”