ಕಂಡಕ್ಟರಿಗೂ ಬಂತು ಸ್ವಾತಂತ್ರ್ಯ

ಬಸ್ಸು ಕಂಪನಿಯ ಮ್ಯಾನೇಜರಿಗೆ ನಗುವಂಥ ಪ್ರಸಂಗಗಳಿಗೇನೂ ಬರವಿಲ್ಲ. ನಗುವುದಕ್ಕೆ ಪುರುಸೊತ್ತಿಲ್ಲ, ಅಷ್ಟೆ. ನಾನಂತೂ ಕುರ್ಚಿಯಲ್ಲಿ ಕೂತವನಲ್ಲ. ಹುಣಸೂರಿನ ಬಸ್ಸು ಹೊರಟಿತೇ, ಬಂದಿತೇ ಎಂದು ಮೈಸೂರಿನ ಸ್ಟ್ಯಾಂಡಿನ ಉದ್ದಕ್ಕೂ ಶತಪಥ ಹಾಕುತ್ತಿದ್ದೆ. ಅಂಥದ್ದರಲ್ಲಿ ಒಂದು ದಿನ ನಮ್ಮ ಯಜಮಾನರು ಎಲ್ಲರನ್ನೂ ಕರೆದು, “ದೇಶಕ್ಕೇ ಸ್ವಾತಂತ್ರ್ಯ ಬಂತು, ನಿಮಗ್ಯಾಕೆ ಬೇಡ? ಇನ್ಮೇಲೆ ಎಲ್ಲದಕ್ಕೂ ಮ್ಯಾನೇಜರನ್ನ ಕೇಳ್ಬೇಡಿ. ಬಸ್ಸು ನಿಮ್ಮದೇ ಅಂದ್ಕೊಂಡು ಕೆಲಸ ಮಾಡಿ” ಎಂದುಬಿಟ್ಟರು.

ನನ್ನ ಓಡಾಟ ಇಮ್ಮಡಿಯಾಯಿತು.

ಊದದ ಸೀಟಿ

ನಮ್ಮ ಕಂಡಕ್ಟರು ಬಹಳ ಮೆತ್ತಗಿನ ಮನುಷ್ಯ. ಯಾರಿಗೂ ಇಲ್ಲ ಎನ್ನಲಾರರು. ಬಸ್ಸು ಹೊರಡಿಸುವ ಅಧಿಕಾರ ಕೈಗೆ ಬಂದ ಮರುದಿನವೇ ಬಸ್ಸು ನಿಂತಲ್ಲೇ ನಿಂತಿತು. ಓಡಿದೆ.

“ಯಾಕ್ರೀ ಸೀಟಿ ಊದಿಲ್ಲ?”

“ಅಜ್ಜಿ ಒಬ್ರು, ‘ಒಸಿ ಇರಪ್ಪ’ ಅಂದ್ರು ಸಾರ್.”

“ಎಲ್ಲಿ ಅವರು?”

“ಆಗಲೇ ಇನ್ನೊಂದು ಬಸ್ಸಲ್ಲಿ ಹೊರಟೋದ್ರು. ಆದ್ರೆ ನನಗೆ ‘ಹೊರಡು’ ಅಂತ ಹೇಳ್ಲಿಲ್ಲ ಸಾರ್.”

ಇಲವಾಲದ ಉಪ್ಪಿಟ್ಟು

ಡ್ರೈವರು ಇದಕ್ಕೆ ತದ್ವಿರುದ್ಧ. ಯಾರನ್ನೂ ಕೇಳುವ ಜಾಯಮಾನದವನಲ್ಲ. ಒಂದು ಬೆಳಿಗ್ಗೆ ಬಸ್ಸು ಹುಣಸೂರು ಸೇರಲೇ ಇಲ್ಲ. ಅಪಘಾತವೇನಾದರೂ ಆಯಿತೇ ಎಂದು ಗಾಬರಿಯಾಗಿ ಸೈಕಲ್ ಹತ್ತಿದೆ. ಇಲವಾಲದಲ್ಲಿ ಒಂದು ಮನೆಯ ಮುಂದೆ ಬಸ್ಸು ನಿಂತಿತ್ತು. ಪ್ರಯಾಣಿಕರೆಲ್ಲ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು!

“ಏನೋ ಇದು?”

“ಹೆಣ್ಣು ನೋಡೋಕೆ ಬಂದೆ ಸಾರ್. ದಾರೀಲೇ ಇತ್ತು. ಇವ್ರನ್ನ ಬಿಸಿಲಲ್ಲಿ ಬಿಡೋಕಾಯ್ತದಾ? ನಮ್ಮ ಕಡೆಯೋರು ಅಂದ್ಬುಟ್ಟೆ.”

“ಒಪ್ಪಿಗೆಯಾಯ್ತಾ?”

“ಪ್ಯಾಸೆಂಜರೆಲ್ಲ ಒಪ್ಪಿದ್ರು ಸಾರ್. ಹುಡುಗಿ ಮಾತ್ರ, ‘ಇಷ್ಟೊಂದು ನೆಂಟರಿರೋ ಮನೆ ಬೇಡ’ ಅಂದ್ಬುಟ್ಲು.”

ದೂರು ಕೇಳುವವರು

ಕೊನೆಗೆ ಯಜಮಾನರು ರೇಗಿ, ದಿನಾ ಬಸ್ಸು ತಡಮಾಡುತ್ತಿದ್ದ ಕಂಡಕ್ಟರನ್ನು ಕೆಲಸದಿಂದ ತೆಗೆಯಲು ಹೇಳಿದರು. ಅವರು ಮಕ್ಕಳೊಂದಿಗರು; ನನಗೆ ಅನ್ನ ಸೇರಲಿಲ್ಲ. “ನನಗೂ ಸ್ವಾತಂತ್ರ್ಯ ಇದೆಯೋ ಇಲ್ವೋ?” ಎಂದು ಯಜಮಾನರನ್ನೇ ಕೇಳಿ, ಕಂಡಕ್ಟರನ್ನು ಆಫೀಸಿನಲ್ಲಿ ದೂರು ಕೇಳುವ ಮೇಜಿಗೆ ಹಾಕಿದೆ.

ಪವಾಡವೇ ನಡೆಯಿತು. ಕೂಗಾಡುತ್ತ ಬಂದವರ ಮುಂದೆ ಇವರು ಕಣ್ಣು ತುಂಬಿಕೊಂಡು, “ನಿಮಗೆ ಎಷ್ಟು ತೊಂದರೆಯಾಯ್ತೋ” ಎನ್ನುವರು. ಬೈಯಲು ಬಂದವರೇ ಸಮಾಧಾನ ಹೇಳಿ, ಕಾಫಿ ತರಿಸಿಕೊಟ್ಟು ಹೋಗುವರು.

ಒಂದು ದಿನ ಯಜಮಾನರ ಕಾರು ದಾರಿಯಲ್ಲಿ ಕೆಟ್ಟು, ಅವರು ನಮ್ಮ ಬಸ್ಸಿಗೇ ಬಿಸಿಲಲ್ಲಿ ಕಾದು, ತಡವಾಗಿ ಬಂದಿಳಿದರು. “ಯಾವನ್ರೀ ದೂರು ಕೇಳೋನು?” ಎಂದು ಅಬ್ಬರಿಸುತ್ತ ಒಳಗೆ ನುಗ್ಗಿದರು. ನಾನು ಬಾಗಿಲ ಹೊರಗೆ ಚಡಪಡಿಸಿದೆ. ಸ್ವಲ್ಪ ಹೊತ್ತಿಗೆ ಕೂಗು ಇಳಿಯಿತು.

ಯಜಮಾನರು ಮೂಗೊರೆಸಿಕೊಳ್ಳುತ್ತ ಹೊರಬಂದರು.

“ಪಾಪ ಕಣ್ರೀ! ಆತನ್ನ ನೋಯಿಸ್ಬೇಡಿ. ನಾನೇ ಕ್ಷಮೆ ಕೇಳ್ಕೊಂಡು ಬಂದೆ. ಇನ್ಮೇಲೆ ಈ ಕಂಪನಿ ಬಸ್ಸೇ ಹತ್ತಲ್ಲ ಅಂತ ಮಾತು ಕೊಟ್ಟಿದ್ದೀನಿ!”