ಮಷೀನಿಗೊಂದು ಜಾಗ

ಅಬು ಘಸ್ಸಾನನ ಮನೆಯ ವಾಷಿಂಗ್ ಮಷೀನಿಗೆ ನಡೆಯುವ ಚಾಳಿಯಿತ್ತು. ಬಟ್ಟೆ ಹಿಂಡುವ ಹೊತ್ತು ಬಂತೆಂದರೆ ಸಾಕು, ಮೈಯೆಲ್ಲ ನಡುಗಿಸಿಕೊಂಡು ಗೇಣು ಗೇಣಾಗಿ ಮುಂದೆ ಸಾಗುತ್ತಿತ್ತು. ಬಚ್ಚಲಲ್ಲಿ ಕಮೋಡಿನ ಪಕ್ಕ ನಿಂತಿದ್ದ ಅದು ಹೋಗಿ ಹೋಗಿ ಎಲ್ಲಿಗೆ ಹೋದೀತು ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆ ಗುರುವಾರ ಬೆಳಿಗ್ಗೆ ಅದು ಬಾಗಿಲವರೆಗೂ ನಡೆದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಿತು. ಬಾಗಿಲೋ, ಒಳಕ್ಕೆ ತೆರೆಯುವಂಥದ್ದು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಆದರೆ ಏಳು ಜನರ ಆ ಮನೆಗೆ ಇದ್ದದ್ದು ಅದೊಂದೇ ಬಚ್ಚಲು.

ಅಮ್ಮಾನ್ ನಗರದಲ್ಲಿ ಅವರ ಮನೆಯಿದ್ದ ಗುಡ್ಡಕ್ಕೆ ಗುರುವಾರ ನೀರಿನ ದಿನ. ವಾರಕ್ಕೊಮ್ಮೆ ನೀರು ಬಂದು ಛಾವಣಿಯ ಟ್ಯಾಂಕುಗಳು ತುಂಬಿದ ಕೂಡಲೇ ಗುಡ್ಡದ ಮೇಲಿನ ಅಷ್ಟೂ ಮನೆಗಳ ಮಷೀನುಗಳು ಒಟ್ಟಿಗೆ ಗುಡುಗತೊಡಗುತ್ತವೆ. ಅವತ್ತು ಒಗೆಯದ ಬಟ್ಟೆ ಮುಂದಿನ ಗುರುವಾರದವರೆಗೂ ನಾರುತ್ತ ಬಿದ್ದಿರಬೇಕು.

"ರೀ, ಏನಾದ್ರೂ ಮಾಡ್ರೀ! ಬಟ್ಟೆ ಹಾಗೇ ರಾಶಿ ಬಿದ್ದಿದೆ, ಅಮ್ಮ ಬಚ್ಚಲಿಗೆ ಹೋಗ್ಬೇಕು ಅಂತಿದಾರೆ, ನೀವು ನೋಡಿದ್ರೆ ಆ ಕುರ್ಚಿಗೆ ಅಂಟ್ಕೊಂಡು ಕೂತಿದೀರಿ!" ಎಂದು ಹೆಂಡತಿ ಉಮ್ಮ್ ಘಸ್ಸಾನ್ ಅಡುಗೆಮನೆಯಿಂದ ಕೂಗಿದಳು.

ಆ ಕುರ್ಚಿಯ ವಿಷಯ ಹೇಳಲೇಬೇಕು. ಅಂಚೆ ಕಚೇರಿಯಿಂದ ನಿವೃತ್ತನಾದ ಮೇಲೆ ಅಬು ಘಸ್ಸಾನನಿಗೆ ತನ್ನ ಮನೆಯಲ್ಲಿ ತನಗೆ ಜಾಗವೇ ಇಲ್ಲವೆಂಬುದು ಗೊತ್ತಾಗಿತ್ತು. ನಡುಮನೆ, ಟೀವಿ ಎರಡೂ ಅತ್ತೆಯ ವಶದಲ್ಲಿದ್ದವು. ಒಂದು ಕೋಣೆಯಲ್ಲಿ, ಗಂಡ ಹೆಂಡಿರಿಬ್ಬರೂ ಯಾರ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದರೋ ಆ ಮಗ ಘಸ್ಸಾನನ ಸಂಸಾರ. ಇನ್ನೊಂದರಲ್ಲಿ ಹಗಲೆಲ್ಲ ಸೊಸೆಯ ಹೊಲಿಗೆ ಯಂತ್ರ. ಎಲ್ಲಿ ಕೂತರೂ "ಸ್ವಲ್ಪ ಏಳಿ" ಎನ್ನುವವರೇ. ಕೊನೆಗೆ ಬಾಲ್ಕನಿಯ ಮೂಲೆಯಲ್ಲಿ ಒಂದು ಬೆತ್ತದ ಕುರ್ಚಿ ಹಾಕಿಕೊಂಡಿದ್ದ. ಅಲ್ಲಿ ಕೂತು ಕಾಫಿ ಕುಡಿಯುತ್ತ, ಎದುರು ಗುಡ್ಡದ ಮೇಲೆ ಯಾರೋ ಹಾರಿಸುವ ಪಾರಿವಾಳಗಳು ಸುತ್ತು ಹಾಕುವುದನ್ನು ನೋಡುತ್ತಿದ್ದ. ಮನೆಯ ಯಜಮಾನನೆನ್ನಲು ಅವನಿಗೆ ಉಳಿದಿದ್ದ ಪುರಾವೆ ಅದೊಂದೇ.

ಉಮ್ಮ್ ಘಸ್ಸಾನಳ ಕೂಗು ಕೇಳಿ ಮೊದಲು ಬಂದವಳು ಕೆಳಮನೆಯ ಉಮ್ಮ್ ಝಿಯಾದ್. ಕುವೈತಿನಲ್ಲಿ ಬಹಳ ವರ್ಷ ಇದ್ದು ಬಂದವಳು. ಅವಳ ಹಿಂದೆಯೇ ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ಮೇಲ್ಮನೆಯ ಅಬು ಮುರಾದ್ ಪೆಟ್ಟಿಗೆ ತುಂಬ ಸ್ಪ್ಯಾನರು ಹಿಡಿದು ಇಳಿದ. ಕೊನೆಗೆ ಎದುರು ಮನೆಯ ಬುರ್ಹಾನ್. ಮೂವತ್ತು ವರ್ಷ ಜರ್ಮನಿಯಲ್ಲಿದ್ದು ಈಚೆಗೆ ಮರಳಿದವನು. ಅವನ ಜೊತೆ ಹಡಗಿನಲ್ಲಿ ಬಂದ ವಾಷಿಂಗ್ ಮಷೀನು ಮನೆಯಲ್ಲಿ ಹಿಡಿಸದೆ, ಪೆಟ್ಟಿಗೆ ಸಮೇತ ಮೆಟ್ಟಿಲ ಮೇಲೆ ನಿಂತು, ಹೋಗುವವರ ಬರುವವರ ಮೊಣಕಾಲು ಒಡೆಯುತ್ತಿತ್ತು.

ಎಂಥ ಆಪತ್ತಿದ್ದರೂ ಬಂದವರಿಗೆ ಮೊದಲು ಕಾಫಿಯಾಗಬೇಕು.

"ಈ ಕಪ್ ಎಷ್ಟು ಚೆಂದ ಇದೆ ಅಕ್ಕಾ!" ಎಂದಳು ಉಮ್ಮ್ ಝಿಯಾದ್.

"ನಿಮ್ಮದೇ ಅಂದ್ಕೊಳ್ಳಿ. ತಗೊಂಡ್ಹೋಗಿ."

"ಬಿಡಿ ಬಿಡಿ, ಯಜಮಾನ್ತಿ ಕೈಲಿದ್ರೇ ಚೆಂದ."

ಇದು ಆ ಊರಿನ ಮರ್ಯಾದೆ. ಹೊಗಳಿದವರಿಗೆ ಕೊಡುತ್ತೇನೆನ್ನಬೇಕು, ಅವರು ಬೇಡವೆನ್ನಬೇಕು. ಹೀಗೆ ಕೈಯಲ್ಲಿನ ಉಂಗುರದಿಂದ ಹಿಡಿದು ಬಾಗಿಲಲ್ಲಿನ ಕಾರಿನವರೆಗೆ ಎಲ್ಲವನ್ನೂ ದಿನಾ ದಾನ ಮಾಡಿದರೂ ಯಾರ ಮನೆಯ ಚಮಚವೂ ಕದಲುವುದಿಲ್ಲ.

ಬಾಗಿಲಿಗೆ ಹೆಗಲು ಕೊಟ್ಟು ನೂಕಿದ್ದಾಯಿತು. ಅದು ಜಗ್ಗಲಿಲ್ಲ. ಅಡುಗೆಮನೆಗೂ ಬಚ್ಚಲಿಗೂ ನಡುವಿನ ಗೋಡೆಯಲ್ಲಿ ಮೇಲೊಂದು ಗಾಳಿಕಿಂಡಿಯಿತ್ತು. ಎಲ್ಲರೂ ಒಮ್ಮೆ ಕಿಂಡಿಯನ್ನು, ಒಮ್ಮೆ ಅಬು ಘಸ್ಸಾನನ ಹೊಟ್ಟೆಯನ್ನು ಅಳೆದು ನೋಡಿದರು.

"ನೀವೇ ಸಣ್ಣಗಿರೋದು, ಹತ್ತಿ," ಎಂದ ಅಬು ಮುರಾದ್.

ಸೊಂಟದವರೆಗೆ ಸಲೀಸಾಗಿ ಹೋಯಿತು. ಆಮೇಲೆ ಅಬು ಘಸ್ಸಾನ್ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮುಂಡ ಬಚ್ಚಲಲ್ಲಿ, ಕಾಲು ಅಡುಗೆಮನೆಯಲ್ಲಿ. ಸಿಕ್ಕಿಬಿದ್ದವನು ಹೇಗೂ ಎಲ್ಲಿಗೂ ಹೋಗುವುದಿಲ್ಲವೆಂದು ನೆರೆಯವರು ಅವನ ಕಾಲುಗಳ ಕೆಳಗೆ ನಿಂತು ಚರ್ಚೆಗೆ ತೊಡಗಿದರು.

"ಬಚ್ಚಲಲ್ಲಿ ಮಷೀನ್ ಇಡೋದೇ ತಪ್ಪು. ಕುವೈತಲ್ಲಿ ಬಟ್ಟೆ ಒಗಿಯೋಕೇ ಅಂತ ಒಂದು ಕೋಣೆ ಇರುತ್ತೆ, ಕೆಲಸದವಳ ಕೋಣೆ ಪಕ್ಕದಲ್ಲೇ," ಎಂದಳು ಉಮ್ಮ್ ಝಿಯಾದ್.

"ಇಲ್ಲಿ ಕೋಣೆನೂ ಇಲ್ಲ, ಕೆಲಸದವಳೂ ನಾನೇ," ಎಂದಳು ಉಮ್ಮ್ ಘಸ್ಸಾನ್.

"ಲಂಡನ್ನಲ್ಲಿ ಎಲ್ರೂ ಅಡುಗೆಮನೇಲೇ ಇಡೋದು. ಈ ಕಡೆ ಮೊಟ್ಟೆ ಬೇಯ್ತಿರುತ್ತೆ, ಆ ಕಡೆ ಕಾಲುಚೀಲ ತಿರುಗ್ತಿರುತ್ತೆ," ಎಂದ ಅಬು ಮುರಾದ್.

"ಅದಕ್ಕೇ ಇರ್ಬೇಕು ಅವ್ರ ಅಡುಗೆ ಹಾಗಿರೋದು! ಉಣ್ಣೋ ಜಾಗದಲ್ಲಿ ಒಳಚಡ್ಡಿ ಒಗಿಯೋದಾ? ಥೂ!" ಎಂದಳು ಉಮ್ಮ್ ಘಸ್ಸಾನ್.

"ಜರ್ಮನಿಲಿ ನೆಲಮಾಳಿಗೆ ಇರುತ್ತೆ," ಎಂದ ಬುರ್ಹಾನ್ ನಿಟ್ಟುಸಿರುಬಿಟ್ಟು. "ಇಡೀ ಬಿಲ್ಡಿಂಗಿನ ಮಷೀನುಗಳು ಸಾಲಾಗಿ ನಿಂತಿರ್ತವೆ. ಅಲ್ಲಿ ಅವುಕ್ಕೂ ಒಂದು ನೆಲೆ ಇದೆ."

"ನಮ್ಗೆ ಬಾಲ್ಕನಿ ಇದ್ಯಲ್ಲ! ಆ ಮೂಲೇಲಿ ಒಂದು ಹಳೇ ಕುರ್ಚಿ ಬಿಟ್ರೆ ಏನಿದೆ?" ಎಂದಳು ಉಮ್ಮ್ ಝಿಯಾದ್.

ಅಡುಗೆಮನೆಯ ಕಾಲುಗಳು ರಪರಪನೆ ಬಡಿದುಕೊಂಡವು. ಗೋಡೆಯ ಆಚೆಯಿಂದ "ಬಾಲ್ಕನಿ ಬೇಡ! ಬಾಲ್ಕನಿ ಮಾತ್ರ ಬೇಡ!" ಎಂಬ ಕೂಗು ಕ್ಷೀಣವಾಗಿ ಕೇಳಿಬಂತು.

"ಏನೋ ಅಂತಿದಾರೆ," ಎಂದ ಅಬು ಮುರಾದ್.

"ಹೂಂ ಅಂತಿದಾರೆ ಬಿಡಿ," ಎಂದಳು ಹೆಂಡತಿ.

ಅಬು ಮುರಾದ್ ಆಗಲೇ ಬಾಲ್ಕನಿಗೆ ಹೋಗಿ ಟ್ಯಾಂಕಿನ ಪೈಪಿಗೆ ನಲ್ಲಿ ಜೋಡಿಸಿಯೂ ಬಿಟ್ಟ. ಬಂದವನು ಅಬು ಘಸ್ಸಾನನ ಸೊಂಟಕ್ಕೆ ಆಲಿವ್ ಎಣ್ಣೆ ಸವರಿ ಒಮ್ಮೆ ನೂಕಿದ. ಯಜಮಾನ ಮಷೀನಿನ ಮೇಲೆ ದೊಪ್ಪನೆ ಬಿದ್ದು, ಎದ್ದು, ಅದನ್ನು ಹಿಂದಕ್ಕೆ ದಬ್ಬಿ ಬಾಗಿಲು ತೆಗೆದ. ಹೊರಗೆ ಕಾದಿದ್ದ ಅತ್ತೆ ಅವನನ್ನು ಪಕ್ಕಕ್ಕೆ ಸರಿಸಿ ಒಳನುಗ್ಗಿದರು. ಅವನಿಗೆ ಸಿಕ್ಕ ಕೃತಜ್ಞತೆ ಅಷ್ಟೇ.

ಅತ್ತೆ ಹೊರಬಂದ ಮೇಲೆ ಗಂಡಸರು ಮಷೀನು ಹೊತ್ತು ಬಾಲ್ಕನಿಗೆ ಬಂದರೆ, ಅಬು ಘಸ್ಸಾನ್ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತಿದ್ದ. ಅಂಗಿ ಹರಿದಿತ್ತು, ಮೈಯೆಲ್ಲ ಎಣ್ಣೆಯಾಗಿತ್ತು.

"ಎತ್ತೋದಾದ್ರೆ ನನ್ನನ್ನೂ ಸೇರ್ಸಿ ಎತ್ತಿ ಆಚೆ ಹಾಕಿ!"

"ಏನ್ರೀ ಮಕ್ಕಳಾಟ? ಮಷೀನಾದ್ರೆ ಈ ಮನೆಗೆ ದುಡಿಯುತ್ತೆ. ನೀವು ಇಲ್ಲಿ ಕೂತು ಮಾಡೋದಾದ್ರೂ ಏನು? ಊರೋರ ಪಾರಿವಾಳ ನೋಡೋದು!" ಎಂದಳು ಹೆಂಡತಿ.

ಎಲ್ಲರೂ ನಕ್ಕರು. ನಲವತ್ತು ವರ್ಷ ಈ ಮನೆಗೆ ಅನ್ನ ತಂದವನು ತಾನು ಎಂದು ಹೇಳಬೇಕೆನಿಸಿತು ಅಬು ಘಸ್ಸಾನನಿಗೆ. ಬಾಯಿಂದ ಬಂದದ್ದು ಬೇರೆ.

"ಅಡುಗೆಮನೆ ಮೇಜು ಆಚೆ ಹಾಕಿ ಅಲ್ಲಿಡೋಣ. ನಿನಗೆ ಕಷ್ಟ ಆಗೋದಾದ್ರೆ... ಪಾತ್ರೆ ನಾನೇ ತೊಳೀತೀನಿ. ಇವತ್ತಿಂದ ಸಾಯೋವರೆಗೂ."

ಉಮ್ಮ್ ಘಸ್ಸಾನ್ ಕಣ್ಣರಳಿಸಿದಳು. "ನೀವೆಲ್ಲ ಕೇಳಿಸ್ಕೊಂಡ್ರಿ ತಾನೆ?" ಎಂದು ಒಬ್ಬೊಬ್ಬರ ಮುಖ ನೋಡಿ ಸಾಕ್ಷಿ ಮಾಡಿಕೊಂಡಳು. ಒಳಚಡ್ಡಿಯ ಮೇಲಿನ ಅಸಹ್ಯ ಅಲ್ಲಿಗೆ ಮಾಯವಾಯಿತು.

ಅಡುಗೆಮನೆಯಲ್ಲಿ ಮಷೀನು ಹಿಡಿಸಿತು. ಆದರೆ ಕೊಳೆನೀರಿನ ಕೊಳವೆ ಸಿಂಕಿಗೆ ಮುಟ್ಟಲಿಲ್ಲ. ಟ್ಯಾಂಕಿನ ನೀರು ಇಳಿಯುತ್ತಲೇ ಇತ್ತು, ಹೊಸ ಕೊಳವೆ ತರುವಷ್ಟು ವ್ಯವಧಾನವಿರಲಿಲ್ಲ. ಅಬು ಘಸ್ಸಾನ್ ಸ್ಟೂಲಿನ ಮೇಲೆ ನಿಂತು, ಕೊಳವೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಸಿಂಕಿನತ್ತ ಬಾಗಿದ. ಒಂದು ಸಲ ಒಗೆದು, ಎರಡನೆಯ ಸಲ ಹಿಂಡುವಾಗ ಮಷೀನಿಗೆ ಹಳೆಯ ಚಾಳಿ ಬಂತು. ಅದು ಎರಡು ಹೆಜ್ಜೆ ಹಿಂದಕ್ಕೆ ನಡೆದದ್ದೇ ತಡ, ಕೊಳವೆ ಕೈಯಿಂದ ಕಿತ್ತುಕೊಂಡು ಸಿಡಿಯಿತು. ಒಲೆಯ ಮೇಲೆ ಮಧ್ಯಾಹ್ನಕ್ಕೆಂದು ಮಾಡಿಟ್ಟಿದ್ದ ಮಕ್ಲೂಬಾ ಎಂಬ ಅನ್ನದಡುಗೆ ಅದರೊಳಗಿನ ಕೋಳಿ, ಬದನೆಕಾಯಿಯ ಸಮೇತ ನೊರೆಯಲ್ಲಿ ಮುಳುಗಿತು.

ಅವತ್ತು ಎಲ್ಲರೂ ಉಂಡದ್ದು ರೊಟ್ಟಿ ಮತ್ತು ಆಲಿವ್. ಯಜಮಾನ ಉಂಡದ್ದು ಬರೀ ಬೈಗುಳ.

ಆದರೂ ಸಂಜೆಯ ಹೊತ್ತಿಗೆ ಬಟ್ಟೆಯೆಲ್ಲ ಒಗೆದಾಗಿತ್ತು. ಬಾಲ್ಕನಿ ಉಳಿದಿತ್ತು! ಅಬು ಘಸ್ಸಾನನಿಗೆ ಬಹಳ ದಿನಗಳ ಮೇಲೆ ಗೆದ್ದೆನೆಂಬ ಸಂತೋಷವಾಯಿತು. ನೆರೆಯವರನ್ನೆಲ್ಲ ಬಾಲ್ಕನಿಗೇ ಕರೆದು, ಕೈಯಾರೆ ಕಾಫಿ ಮಾಡಿ ಕೊಟ್ಟ. ವಯಸ್ಸಿನಲ್ಲಿ ಹಿರಿಯನೆಂದು ಬುರ್ಹಾನನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಎದುರು ಗುಡ್ಡದಿಂದ ಪಾರಿವಾಳಗಳು ಎದ್ದವು. ತಣ್ಣನೆಯ ಗಾಳಿ ಬೀಸಿತು.

"ಎಂಥಾ ಜಾಗ ಅಬು ಘಸ್ಸಾನ್!" ಎಂದ ಬುರ್ಹಾನ್. "ಇಂಥಾ ಮೂಲೆ ಇದ್ದೋನಿಗೆ ಇನ್ನೇನು ಬೇಕು?"

ಅಬು ಘಸ್ಸಾನ್ ಎದೆಯ ಮೇಲೆ ಕೈಯಿಟ್ಟುಕೊಂಡ. "ನಿಮ್ಮದೇ ಅಂದ್ಕೊಳ್ಳಿ ಬುರ್ಹಾನ್."

ಬುರ್ಹಾನ್ ಕಪ್ಪನ್ನು ಕೆಳಗಿಟ್ಟ. "ನಿಜವಾಗ್ಲೂ?"

"ಇನ್ನೇನು! ನಿಮಗಿಂತ ಹೆಚ್ಚಾ?"

ಬುರ್ಹಾನನ ಕಣ್ಣಲ್ಲಿ ನೀರು ತುಂಬಿತು. "ಮೂವತ್ತು ವರ್ಷ ಆ ದೇಶದಲ್ಲಿದ್ದೆ. ಒಬ್ರಾದ್ರೂ ಹೀಗೆ ಅಂದಿರ್ಲಿಲ್ಲ," ಎಂದು ಅಬು ಘಸ್ಸಾನನ ಎರಡೂ ಕೆನ್ನೆಗೆ ಮುತ್ತಿಟ್ಟು ಎದ್ದುಹೋದ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಕಡೆಯಿಂದ ಭಾರವಾದದ್ದೇನನ್ನೋ ಎಳೆಯುವ ಸದ್ದು ಕೇಳಿಸಿತು. ಜರ್ಮನಿಯ ಪೆಟ್ಟಿಗೆ ಬಾಗಿಲು ದಾಟಿ, ನಡುಮನೆ ದಾಟಿ, ಅತ್ತೆಯ ಟೀವಿಗೆ ಅಡ್ಡವಾಗಿ ಹಾದು ಬಾಲ್ಕನಿಗೆ ಬಂತು.

"ನಲ್ಲಿನೂ ರೆಡಿ ಇದೆ ನೋಡಿ!" ಎಂದ ಅಬು ಮುರಾದ್ ಖುಷಿಯಿಂದ.

ಅಬು ಘಸ್ಸಾನ್ ಹೆಂಡತಿಯನ್ನು ಮೂಲೆಗೆ ಎಳೆದ. "ಏನಾದ್ರೂ ಹೇಳೇ! ನಾನು ಮಾತಿಗೆ ಅಂದಿದ್ದು ಕಣೇ!"

"ನೆರೆಯೋರ ಮುಂದೆ ಕೊಟ್ಟ ಮಾತು. ವಾಪಸ್ ತಗೊಂಡ್ರೆ ನಾಳೆ ನಾನು ಮೆಟ್ಟಿಲಿಳಿದು ಮುಖ ತೋರಿಸ್ಬೇಕೋ ಬೇಡ್ವೋ? ಪಾಪ, ಹೊರದೇಶದಲ್ಲಿದ್ದು ನಮ್ಮ ರೂಢಿ ಎಲ್ಲಾ ಮರೆತಿದಾರೆ. ಅವ್ರಿಗೇನು ಗೊತ್ತು?"

"ಗುರುವಾರ ಗುರುವಾರ ಮಾತ್ರ ಬರ್ತೀನಿ. ಬೀಗದ ಕೈ ಒಂದು ಮಾಡಿಸ್ಕೊಟ್ರೆ ನಿಮಗೂ ತೊಂದ್ರೆ ಇಲ್ಲ," ಎಂದ ಬುರ್ಹಾನ್.

ಮಷೀನು ಮೂಲೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಬೆತ್ತದ ಕುರ್ಚಿಯನ್ನು ಯಾರೋ ಅಬು ಘಸ್ಸಾನನ ಕೈಗೆ ಕೊಟ್ಟರು. ಅವನು ಅದನ್ನು ಹೊತ್ತು ನಡುಮನೆಯಲ್ಲಿ ನಿಂತ. "ಟೀವಿ ಮರೆಯಾಗುತ್ತೆ," ಎಂದರು ಅತ್ತೆ. ಕೋಣೆಗೆ ಹೋದ. ಸೊಸೆ ಹೊಲಿಗೆಯಿಂದ ತಲೆಯೆತ್ತಿ ನೋಡಿದಳು. ಕೊನೆಗೆ ಬಚ್ಚಲಿಗೆ ಹೋಗಿ, ಹಳೆಯ ಮಷೀನು ಬಿಟ್ಟುಹೋಗಿದ್ದ ಜಾಗದಲ್ಲಿ ಕುರ್ಚಿ ಹಾಕಿ, ಬಾಗಿಲು ಹಾಕಿಕೊಂಡು ಕೂತ. ಇಷ್ಟಾದ ಮೇಲೂ ಬುರ್ಹಾನನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಪಾಪ, ರೂಢಿ ಮರೆತವನು ಎಂದು ತನಗೆ ತಾನೇ ಹೇಳಿಕೊಂಡ.

ಬಾಗಿಲಾಚೆಯಿಂದ ಮಾತು ಕೇಳಿಸುತ್ತಿತ್ತು.

"ಎಂಥಾ ಮಷೀನು ಬುರ್ಹಾನ್! ನಡೆಯೋದೂ ಇಲ್ಲ, ಸದ್ದೂ ಇಲ್ಲ!" ಎಂದಳು ಉಮ್ಮ್ ಝಿಯಾದ್.

"ನಿಮ್ಮದೇ ಅಂದ್ಕೊಳ್ಳಿ. ತಗೊಂಡ್ಹೋಗಿ," ಎಂದ ಬುರ್ಹಾನ್, ಒಂದಿಷ್ಟೂ ತಡವರಿಸದೆ.

"ಬಿಡಿ ಬಿಡಿ, ಯಜಮಾನ್ರ ಹತ್ರ ಇದ್ರೇ ಚೆಂದ."

ಇಬ್ಬರೂ ನಕ್ಕರು. ಅಬು ಘಸ್ಸಾನ್ ಕುರ್ಚಿಯಲ್ಲಿ ನೆಟ್ಟಗಾದ: ರೂಢಿ ಮರೆತವನೇನಲ್ಲ ಇವನು! ಎದ್ದು ಹೋಗಿ ಕೇಳಬೇಕು ಎಂದುಕೊಂಡ. ಏನೆಂದು ಕೇಳುವುದು? ಕೊಟ್ಟವನು ತಾನೇ.

ಹೆಂಡತಿ ಬಾಗಿಲು ದಬದಬ ಬಡಿದಳು. "ರೀ, ಎಷ್ಟೊತ್ತು ಒಳಗೆ? ಅಮ್ಮ ಕಾಯ್ತಿದಾರೆ. ಸಿಂಕಲ್ಲಿ ಪಾತ್ರೆನೂ ಹಾಗೇ ಇದೆ."

ಅಬು ಘಸ್ಸಾನ್ ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಬಂದ. ಕುವೈತ್, ಲಂಡನ್, ಜರ್ಮನಿ ಮೂರೂ ಬಾಲ್ಕನಿಯಲ್ಲಿ ನಗುತ್ತ ಕಾಫಿ ಕುಡಿಯುತ್ತಿದ್ದವು. ಕುರ್ಚಿಯನ್ನು ಎಲ್ಲಿಡಬೇಕೆಂದು ಯಾರೂ ಸಲಹೆ ಕೊಡಲಿಲ್ಲ.